ಕಳ್ಳ ಓಟು

ಕನ್ನಡದ ‘ಕಳ್ಳ’ ಯಾವ ಪದಕ್ಕೆ ಬೇಕಾದರೂ ಅಂಟಿಕೊಳ್ಳುತ್ತದೆ: ಕಳ್ಳಬಟ್ಟಿ, ಕಳ್ಳಸಂತೆ, ಕಳ್ಳನೋಟು. ಪುತ್ತೂರು, ಸುಳ್ಯ, ಕಡಬದ ಕಡೆ ಚುನಾವಣೆ ಬಂತೆಂದರೆ ಈ ಸಾಲಿಗೆ ‘ಕಳ್ಳ ಓಟು’ ಬಂದು ಸೇರುತ್ತದೆ. ಪತ್ರಿಕೆಗಳು ‘ನಕಲಿ ಮತದಾನ’ ಎಂದು ಬರೆಯಲಿ, ಬೂತಿರುವ ಶಾಲೆಯ ಜಗಲಿಯಲ್ಲಿ ಕೇಳಿಸುವುದು ಇದೇ ಮಾತು. ಪಾಣಾಜೆ ದಾಟಿ ಕೇರಳದ ಪೆರ್ಲಕ್ಕೆ ಹೋದರೂ ಅದು ಬದಲಾಗದು. ಮಲಯಾಳದಲ್ಲೂ ಅದು ‘ಕಳ್ಳವೋಟ್’.

ಪೆರ್ಲ ಸೇರಿರುವ, ಗಡಿಯಾಚೆಯ ಮಂಜೇಶ್ವರ ಕ್ಷೇತ್ರದಲ್ಲಿ ಈ ಮಾತು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. 2016ರ ವಿಧಾನಸಭಾ ಚುನಾವಣೆಯಲ್ಲಿ ಪಿ.ಬಿ. ಅಬ್ದುಲ್ ರಝಾಕ್ ಎದುರು ಕೆ. ಸುರೇಂದ್ರನ್ ಸೋತದ್ದು ಬರೀ 89 ಮತಗಳಿಂದ. ಸತ್ತವರ, ವಿದೇಶದಲ್ಲಿರುವವರ ಹೆಸರಲ್ಲಿ ಓಟು ಬಿದ್ದಿದೆ ಎಂದು ಸುರೇಂದ್ರನ್ ದೂರಿದರು. ರಝಾಕ್ 2018ರಲ್ಲಿ ತೀರಿಕೊಂಡರು, ಮರುವರ್ಷ ಸುರೇಂದ್ರನ್ ಅರ್ಜಿಯನ್ನು ಹಿಂತೆಗೆದುಕೊಂಡರು. ದೂರು ನಿಜವೋ ಸುಳ್ಳೋ ತೀರ್ಮಾನವಾಗಲೇ ಇಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಮಾತ್ರ ಬೂತಿನ ಕ್ಯಾಮೆರಾಗಳೇ ಸಾಕ್ಷಿ ಹೇಳಿದವು. ಕಾಸರಗೋಡು, ಕಣ್ಣೂರು ಕ್ಷೇತ್ರಗಳ 7 ಬೂತುಗಳಲ್ಲಿ ಮೇ 19ರಂದು ಮರುಮತದಾನ ನಡೆಯಿತು.

ಓಟು ಹಾಕಲು ಬಂದವರು ಪಟ್ಟಿಯಲ್ಲಿ ಹೆಸರಿರುವವರಲ್ಲ ಎಂದು ಅನ್ನಿಸಿದರೆ ಬೂತಿನ ಏಜೆಂಟರು 2 ರೂಪಾಯಿ ಕಟ್ಟಿ ಆಕ್ಷೇಪ ಎತ್ತಬಹುದು. ತಮ್ಮ ಹೆಸರಲ್ಲಿ ಆಗಲೇ ಯಾರೋ ಒತ್ತಿ ಹೋಗಿದ್ದರೆ ನಿಜವಾದ ಮತದಾರರಿಗೆ ಯಂತ್ರವಲ್ಲ, ಕಾಗದದ ಮತಪತ್ರ ಸಿಗುತ್ತದೆ. ಅದು ಬೇರೆ ಲಕೋಟೆಗೆ ಹೋಗುತ್ತದೆ. ಎಣಿಕೆಯ ದಿನ ಆ ಲಕೋಟೆ ಬಿಚ್ಚುವುದಿಲ್ಲ! ಕಳ್ಳನ ಓಟು ಲೆಕ್ಕಕ್ಕೆ ಸೇರಿತು, ಒಡೆಯರದ್ದು ಹೊರಗೇ ಉಳಿಯಿತು. ನಿಯಮ ಮೊದಲು ಬದಲಾಗಬೇಕಾದದ್ದು ಇಲ್ಲಿ.

2025ರಲ್ಲಿ ‘ಮತಗಳ್ಳತನ’ ಎಂಬ ಮಾತು ಎಲ್ಲರ ಬಾಯಿಗೆ ಬಂತು. ಕಳ್ಳ ಓಟು ಹಾಕುವವನು ಸಾಲಿನಲ್ಲಿ ನಿಲ್ಲಬೇಕು, ಮೈಸೂರಿನ ಶಾಯಿಗೆ ಬೆರಳೊಡ್ಡಬೇಕು. ಮತಗಳ್ಳತನಕ್ಕೆ ಅದೊಂದೂ ಬೇಡ, ಮತದಾರರ ಪಟ್ಟಿ ಸಾಕು. 2023ರ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ಅಳಿಸಲು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಿದ್ದವು 24. ಅರ್ಜಿದಾರರೆಂದು ಹೆಸರಿದ್ದವರಿಗೇ ವಿಷಯ ಗೊತ್ತಿರಲಿಲ್ಲ. ಉಳಿದ 5,994 ಸಣ್ಣ ಸಂಖ್ಯೆಯಲ್ಲ. ಅದೇ ವರ್ಷ ಪುತ್ತೂರಿನಲ್ಲಿ ಅಶೋಕ್ ಕುಮಾರ್ ರೈ ಗೆದ್ದ ಅಂತರ 4,149.

ಆಳಂದದಲ್ಲಿ ಬೂತ್ ಮಟ್ಟದ ಅಧಿಕಾರಿಗೆ ಆ ಅರ್ಜಿಗಳಲ್ಲಿ ತನ್ನ ಸಂಬಂಧಿಕರದೇ ಹೆಸರು ಕಣ್ಣಿಗೆ ಬಿದ್ದದ್ದರಿಂದ ಗುಟ್ಟು ರಟ್ಟಾಯಿತು. ಬೂತ್ ಮಟ್ಟದ ಅಧಿಕಾರಿಯ ಕೆಲಸ ಹೊರುವವರು ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆಯರು, ಶಾಲಾ ಶಿಕ್ಷಕರು; ಅದೂ ತಮ್ಮ ದಿನದ ದುಡಿಮೆಯ ಮೇಲೆ. ಕಡಬದ ಕಡೆಯ ತೋಟದ ಮನೆಗಳು ಒಂದಕ್ಕೊಂದು ದೂರ. ಮದುವೆಯಾಗಿ ಹೋದವರು, ಬೆಂಗಳೂರು, ಗಲ್ಫ್ ಸೇರಿದವರು ಯಾರೆಂದು ಮನೆ ಹತ್ತಿ ಕೇಳದೆ ತಿಳಿಯದು. ಆ ಅಧಿಕಾರಿಗಳಿಗೆ ಅದಕ್ಕೆ ಬೇಕಾದಷ್ಟು ದಿನ ಬಿಡುವು ಕೊಡಬೇಕು, ತಕ್ಕ ಸಂಬಳವನ್ನೂ ಕೊಡಬೇಕು. ಸತ್ತವರ ಹೆಸರು ಪಂಚಾಯಿತಿಯ ಮರಣ ನೋಂದಣಿಯಿಂದಲೇ ಚುನಾವಣಾ ಆಯೋಗಕ್ಕೆ ತಲುಪಬೇಕು. ಬದುಕಿರುವವರ ಹೆಸರಿಗೆ ಕೈ ಹಾಕುವ ಮುನ್ನ ಅವರ ಮೊಬೈಲಿಗೆ ಸಂದೇಶ ಹೋಗಬೇಕು.