ಪಿಯಾನೊ ವಿದ್ವಾಂಸ ನಿಕೊಲಾಯ್ ಮೆಟ್ನರ್

ಪಿಯಾನೊ ವಾದ್ಯವೂ ದೊಡ್ಡ ವಾದ್ಯಮೇಳವೂ ಕೂಡಿ ನುಡಿಸುವ ಪ್ರಬಂಧಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ಕಾನ್ಸರ್ಟೊ ಎಂದು ಹೆಸರು. ರಷ್ಯದವನೊಬ್ಬನು ಇಂಗ್ಲೆಂಡಿನಲ್ಲಿ ಕುಳಿತು ಮುಗಿಸಿದ ಅಂಥದೊಂದು ಕಾನ್ಸರ್ಟೊ ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆ. ಬರೆದವನು ಮೈಸೂರನ್ನು ಕಂಡವನಲ್ಲ, ಕನ್ನಡವನ್ನು ಅರಿತವನಲ್ಲ. ಅವನಿಗೂ ನಮ್ಮ ನಾಡಿಗೂ ನಂಟು ಬೆಳೆದುದು ಹೇಗೆ, ಅದರಿಂದ ಲೋಕಕ್ಕೆ ಉಳಿದುದೇನು ಎಂಬುದನ್ನು ಈ ಹೊತ್ತು ಕೇಳುಗರೊಡನೆ ವಿಚಾರ ಮಾಡೋಣ.

ನಿಕೊಲಾಯ್ ಮೆಟ್ನರ್ ಮಾಸ್ಕೋ ನಗರದಲ್ಲಿ 1880ನೆಯ ಇಸವಿ ಜನವರಿ 5ರಂದು ಹುಟ್ಟಿದನು. ಮನೆತನದ ಮೂಲ ಜರ್ಮನ್. ಮೊದಲ ಪಾಠವನ್ನು ತಾಯಿಯೇ ಹೇಳಿದಳು. ಆಮೇಲೆ ಸೋದರಮಾವನು ಕಲಿಸಿದನು. ಹನ್ನೆರಡನೆಯ ವಯಸ್ಸಿಗೆ ಹುಡುಗನು ಮಾಸ್ಕೋ ಸಂಗೀತ ಶಾಲೆಯನ್ನು ಸೇರಿದನು. ಅಲ್ಲಿ ಅವನ ಕೈಯನ್ನು ಹದಗೊಳಿಸಿದವರಲ್ಲಿ ಕೊನೆಯವನು ವಾಸಿಲಿ ಸಫೊನೊವ್. 1900ರಲ್ಲಿ ಶಾಲೆಯಿಂದ ಹೊರಬೀಳುವ ಹೊತ್ತಿಗೆ ಇವನು ಯೂರೋಪಿನ ಊರೂರುಗಳಲ್ಲಿ ಕಚೇರಿ ಮಾಡಿ ಹೆಸರನ್ನೂ ಹಣವನ್ನೂ ಗಳಿಸುವನೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಅದೇ ವರ್ಷ ವಿಯೆನ್ನಾದಲ್ಲಿ ನಡೆದ ರೂಬಿನ್‌ಸ್ಟೈನ್ ಸ್ಪರ್ಧೆಯಲ್ಲಿಯೂ ಅವನಿಗೆ ಗೌರವ ದೊರೆಯಿತು.

ಆದರೆ ಮೆಟ್ನರ್ ಆ ದಾರಿಯನ್ನು ಹಿಡಿಯಲಿಲ್ಲ. ಕಚೇರಿಯ ಸಂಚಾರವನ್ನು ಕೈಬಿಟ್ಟು ಕೃತಿರಚನೆಗೆ ಕುಳಿತನು. ಅಣ್ಣ ಎಮಿಲನೂ ಗುರುಸಮಾನನಾದ ತನೆಯೆವನೂ ಇದಕ್ಕೆ ಬೆಂಬಲವಾದರು. ಕಚೇರಿಯನ್ನು ಪೂರ್ತಿಯಾಗಿ ಬಿಟ್ಟನೆಂದಲ್ಲ. ನುಡಿಸಿದಾಗ ಹೆಚ್ಚಾಗಿ ತನ್ನ ಕೃತಿಗಳನ್ನೇ ನುಡಿಸಿದನು. ನಮ್ಮವರ ಮಾತಿನಲ್ಲಿ ಹೇಳುವುದಾದರೆ, ಬರಿಯ ವೈಣಿಕನಾಗಿ ಉಳಿಯಲೊಲ್ಲದೆ ವಾಗ್ಗೇಯಕಾರನಾಗಲು ಹೊರಟವನು ಇವನು. ಅನ್ಯರ ಕೃತಿಗಳಲ್ಲಿ ಬೇಥೋವನ್ನನ ನಾಲ್ಕನೆಯ ಕಾನ್ಸರ್ಟೊ ಇವನಿಗೆ ಬಹು ಪ್ರಿಯವಾದುದು. 1910ರಲ್ಲಿ ಇದೇ ಕೃತಿಯ ಪೂರ್ವಾಭ್ಯಾಸ ನಡೆಯುತ್ತಿದ್ದಾಗ ಮೇಳದ ನಾಯಕನಾಗಿದ್ದ ಮೆಂಗೆಲ್‌ಬರ್ಗನಿಗೂ ಇವನಿಗೂ ಲಯದ ವಿಷಯದಲ್ಲಿ ಭೇದ ಹುಟ್ಟಿತು. ಮೆಂಗೆಲ್‌ಬರ್ಗ್ ಯೂರೋಪಿನಲ್ಲೆಲ್ಲ ಹೆಸರಾದವನು. ಆದರೂ ಮೆಟ್ನರ್ ತಲೆಬಾಗದೆ ಎದ್ದು ಹೊರಟುಬಿಟ್ಟನು. ಈ ಮನುಷ್ಯನ ಮುಂದಿನ ಬಾಳೆಲ್ಲ ಈ ಒಂದು ಪ್ರಸಂಗದಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ.

ಅವನ ಕೃತಿಗಳು ಸಂಖ್ಯೆಯಲ್ಲಿ ಬಹಳವಲ್ಲ, ಬಗೆಯಲ್ಲಿಯೂ ಹಲವಲ್ಲ. ಹದಿನಾಲ್ಕು ಪಿಯಾನೊ ಸೊನಾಟಗಳು, ಮೂರು ಕಾನ್ಸರ್ಟೊಗಳು, ನೂರಕ್ಕೆ ಮಿಕ್ಕ ಹಾಡುಗಳು, ಪಿಟೀಲಿಗೂ ಪಿಯಾನೊವಿಗೂ ಹೊಂದಿಸಿದ ಕೆಲವು ರಚನೆಗಳು, ಇವಲ್ಲದೆ ‘ಕಥೆ’ಗಳೆಂದು ತಾನೇ ಹೆಸರಿಟ್ಟ ಚಿಕ್ಕ ಚಿಕ್ಕ ಪಿಯಾನೊ ಪ್ರಬಂಧಗಳು. ಅವನು ಬರೆದುದರಲ್ಲಿ ಪಿಯಾನೊ ಇಲ್ಲದ ಕೃತಿಯನ್ನು ಹುಡುಕಬೇಕು. ಶೈಲಿಯಲ್ಲಿ ಹಿಂದಿನವರನ್ನು ಬಿಟ್ಟುಕೊಡಲಿಲ್ಲ. ಸಮಕಾಲೀನರು ಸ್ವರಸಂಯೋಗದ ಹಳೆಯ ನಿಯಮಗಳನ್ನು ಒಡೆದು ಹೊಸತನ್ನು ಹುಡುಕುತ್ತಿರುವಾಗ, ಸಂಗೀತಕ್ಕೆ ಬದಲಾಗದ ಧರ್ಮವೊಂದುಂಟೆಂದು ಇವನು ಸಾಧಿಸಿದನು. ಇದು ಹಟವೋ ನಿಷ್ಠೆಯೋ ಎಂಬುದರಲ್ಲಿ ವಿಮರ್ಶಕರಿಗೆ ಒಮ್ಮತವಿಲ್ಲ. ಆದರೆ ಅದಕ್ಕೆ ತೆತ್ತ ಬೆಲೆ ಎಷ್ಟೆಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಕ್ರಾಂತಿಯ ತರುವಾಯ, 1921ರಲ್ಲಿ, ಮೆಟ್ನರನೂ ಅವನ ಹೆಂಡತಿ ಆನಾಳೂ ರಷ್ಯವನ್ನು ಬಿಟ್ಟರು. ಮೊದಲು ಬರ್ಲಿನ್ನಿಗೆ ಹೋದರು. ಹೊಸತನದ ಬಿರುಗಾಳಿ ಬೀಸುತ್ತಿದ್ದ ಆ ನಗರದಲ್ಲಿ ಇವನ ಸಂಗೀತಕ್ಕೆ ಕೇಳುವವರು ಕಡಿಮೆ. ಆಗ ಕೈಹಿಡಿದವನು ಹಳೆಯ ಗೆಳೆಯ ರಾಖ್ಮಾನಿನೊವ್. ಅವನ ನೆರವಿನಿಂದ 1924ರಲ್ಲಿ ಅಮೆರಿಕದ ಸಂಚಾರ ಒದಗಿತು. ಗೆಳೆಯರಿಬ್ಬರೂ ಒಬ್ಬರಿಗೊಬ್ಬರು ಕಾನ್ಸರ್ಟೊಗಳನ್ನು ಅರ್ಪಿಸಿಕೊಂಡರು: ರಾಖ್ಮಾನಿನೊವನ ನಾಲ್ಕನೆಯದು ಮೆಟ್ನರನಿಗೆ, ಮೆಟ್ನರನ ಎರಡನೆಯದು ರಾಖ್ಮಾನಿನೊವನಿಗೆ. ಅಮೆರಿಕದಿಂದ ಬಂದು ಪ್ಯಾರಿಸ್ಸಿನ ಬಳಿ ನೆಲೆಸಿದ್ದಾಗ, 1927ರಲ್ಲಿ, ರಷ್ಯಕ್ಕೆ ಒಮ್ಮೆ ಹೋಗಿ ಕಚೇರಿ ಮಾಡಿ ಬಂದನು. ತಾಯ್ನಾಡನ್ನು ಕಂಡುದು ಅದೇ ಕಡೆ. 1935ರಲ್ಲಿ ತನ್ನ ಸಂಗೀತತತ್ತ್ವವನ್ನೆಲ್ಲ ಪುಸ್ತಕವಾಗಿ ಹೊರತಂದನು. ಅದನ್ನು ಪ್ರಕಟಿಸಿದವನೂ ರಾಖ್ಮಾನಿನೊವನೇ.

ಅದೇ ವರ್ಷ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಎಂಬ ಬಡಾವಣೆಯಲ್ಲಿ ಬಿಡಾರ ಮಾಡಿದನು. ಇಂಗ್ಲೆಂಡಿನಲ್ಲಿ ಅವನನ್ನು ಆದರಿಸುವ ಒಂದು ಚಿಕ್ಕ ಗುಂಪಿತ್ತು. ಪಾಠ ಹೇಳಿ, ಅಲ್ಲೊಂದು ಇಲ್ಲೊಂದು ಕಚೇರಿ ಮಾಡಿ ದಿನ ಕಳೆಯುವಷ್ಟರಲ್ಲಿ 1939ರ ಯುದ್ಧ ಬಂದಿತು. ಕೃತಿಗಳನ್ನು ಅಚ್ಚುಹಾಕಿದ್ದವರು ಜರ್ಮನಿಯಲ್ಲಿದ್ದುದರಿಂದ ಅಲ್ಲಿಂದ ಬರುತ್ತಿದ್ದ ಹಣ ನಿಂತುಹೋಯಿತು. ಲಂಡನ್ನಿನ ಮೇಲೆ ಬಾಂಬುಗಳು ಬೀಳತೊಡಗಿದುವು. ಎಡ್ನಾ ಐಲ್ಸ್ ಎಂಬ ಶಿಷ್ಯೆ ದಂಪತಿಗಳನ್ನು ವಾರ್ವಿಕ್‌ಷೈರಿಗೆ ಕರೆದೊಯ್ದು ಆಶ್ರಯ ಕೊಟ್ಟಳು. ಅಲ್ಲಿ ಹೃದ್ರೋಗವು ಅವನನ್ನು ಹಾಸಿಗೆ ಹಿಡಿಸಿತು. ಅಂಥ ಸ್ಥಿತಿಯಲ್ಲಿಯೇ ಮೂರನೆಯ ಕಾನ್ಸರ್ಟೊವನ್ನು ಮುಗಿಸಿ, 1944ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ತಾನೇ ನುಡಿಸಿದನು. ಆಗ ಅವನಿಗೆ ಅರುವತ್ತನಾಲ್ಕು ವರ್ಷ. ಕೈ ಇನ್ನೂ ಇತ್ತು. ಆದರೆ ಆ ಕೈಯ ನುಡಿತವೆಲ್ಲ ಕೇಳಿದವರ ನೆನಪಿನೊಂದಿಗೇ ಅಳಿಯುವಂತಿತ್ತು.

ಇಲ್ಲಿಗೆ ಮೈಸೂರು ಬರುತ್ತದೆ. ಶ್ರೀ ಜಯಚಾಮರಾಜ ಒಡೆಯರವರು 1919ರಲ್ಲಿ ಜನಿಸಿದವರು. ಪಿಯಾನೊವನ್ನು ಆಳವಾಗಿ ಅಭ್ಯಾಸಮಾಡಿದವರು. ಕಚೇರಿಯ ವಾದಕರಾಗಬೇಕೆಂಬ ಹಂಬಲ ಅವರಿಗಿತ್ತು. 1940ರಲ್ಲಿ ಮೊದಲು ತಂದೆಯವರಾದ ಯುವರಾಜರೂ, ಕೆಲವೇ ತಿಂಗಳಲ್ಲಿ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರವರೂ ತೀರಿಕೊಂಡರು. ಇಪ್ಪತ್ತೊಂದನೆಯ ವಯಸ್ಸಿಗೆ ರಾಜ್ಯಭಾರ ಹೆಗಲೇರಿತು. ಪಿಯಾನೊ ವಾದಕನಾಗುವ ಮಾತು ಅಲ್ಲಿಗೆ ಮುಗಿಯಿತು. ಆದರೆ ಸಂಗೀತದ ಆಸಕ್ತಿ ಮುಗಿಯಲಿಲ್ಲ. ಅವರ ಗ್ರಾಮಫೋನು ತಟ್ಟೆಗಳ ಸಂಗ್ರಹ ಬಹು ದೊಡ್ಡದು. ಲೋಕವು ಮರೆಯುತ್ತಿದ್ದ ಮೆಟ್ನರನ ಕೃತಿಗಳನ್ನು ಅವನೇ ನುಡಿಸಿ ಮುದ್ರಿಸುವಂತಾಗಬೇಕೆಂದು ಅವರು ಬಯಸಿ, ಅದರ ವೆಚ್ಚವನ್ನು ವಹಿಸಿಕೊಂಡರು. ಮೆಟ್ನರ್ ಸೊಸೈಟಿ ಎಂಬ ಏರ್ಪಾಡು ಹುಟ್ಟಿ, ಹಿಸ್ ಮಾಸ್ಟರ್ಸ್ ವಾಯ್ಸ್ ಮುದ್ರೆಯಲ್ಲಿ ತಟ್ಟೆಗಳು ಹೊರಬಂದುವು. ಮೂರನೆಯ ಕಾನ್ಸರ್ಟೊ ಮಹಾರಾಜರಿಗೆ ಅರ್ಪಿತವಾದುದು ಈ ಕೃತಜ್ಞತೆಯಿಂದ.

1947ರಿಂದ 1950ರವರೆಗೆ ನಡೆದ ಆ ಕೆಲಸದ ಶ್ರಮ ಎಂಥದೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಆ ಕಾಲದ ತಟ್ಟೆಯ ಒಂದು ಮಗ್ಗುಲು ನಾಲ್ಕೈದು ನಿಮಿಷಕ್ಕೆ ಮುಗಿಯುತ್ತಿತ್ತು. ಅರ್ಧ ಗಂಟೆಯ ಕಾನ್ಸರ್ಟೊವನ್ನು ತುಂಡುತುಂಡಾಗಿ ನುಡಿಸಬೇಕು. ಒಂದು ಸ್ವರ ತಪ್ಪಿದರೆ ಆ ಮಗ್ಗುಲನ್ನು ಮೊದಲಿನಿಂದ ನುಡಿಸಬೇಕು. ಹೃದ್ರೋಗಿಯಾದ ವೃದ್ಧನು ಹೀಗೆ ಮೂರು ಕಾನ್ಸರ್ಟೊಗಳನ್ನೂ ಫಿಲ್‌ಹಾರ್ಮೋನಿಯಾ ವಾದ್ಯಮೇಳದೊಡನೆ ನುಡಿಸಿದನು. ಕೆಲವು ಸೊನಾಟಗಳನ್ನೂ ಕಥೆಗಳನ್ನೂ ನುಡಿಸಿದನು. 1950ರಲ್ಲಿ ಗಾಯಕಿ ಎಲಿಜಬೆತ್ ಷ್ವಾರ್ಟ್ಸ್‌ಕಾಫಳಿಗೆ ತಾನೇ ಪಿಯಾನೊ ಹಿಡಿದು ತನ್ನ ಹಾಡುಗಳನ್ನು ಹಾಡಿಸಿದನು. ಎಲ್ಲವನ್ನೂ ಮುದ್ರಿಸಬೇಕೆಂಬ ಆಸೆ ಪೂರ್ತಿಯಾಗಲಿಲ್ಲ. 1951ನೆಯ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ತೀರಿಕೊಂಡನು.

ಮೈಸೂರಿನ ದ್ರವ್ಯವು ನಮ್ಮ ಜನರಿಗೆ ಪರಿಚಯವಿಲ್ಲದ ಸಂಗೀತಕ್ಕಾಗಿ ಲಂಡನ್ನಿನಲ್ಲಿ ವ್ಯಯವಾಗಬೇಕಾಗಿತ್ತೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಅನುಚಿತವಲ್ಲ; ಬರಗಾಲವನ್ನೂ ಪಡಿತರವನ್ನೂ ಕಂಡಿದ್ದ ನಾಡು ಅದನ್ನು ಕೇಳುವ ಹಕ್ಕುಳ್ಳದ್ದು. ನಾವು ಹೇಳಬಹುದಾದುದು ಇಷ್ಟೆ: ಆಶ್ರಯದಾತರು ನಮ್ಮ ಸಂಗೀತಕ್ಕೆ ಬೆನ್ನು ತೋರಿದವರಲ್ಲ. ಅವರೇ ವಾಗ್ಗೇಯಕಾರರಾಗಿ ಶ್ರೀವಿದ್ಯಾ ಎಂಬ ಅಂಕಿತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದರು. ಇನ್ನು, ಕೃತಿಯು ಕಾಗದದ ಮೇಲೆ ಉಳಿಯುತ್ತದೆ. ಅದನ್ನು ಬರೆದವನ ಕೈ ಉಳಿಯುವುದಿಲ್ಲ. ನಮ್ಮ ಹಿಂದಿನ ವೈಣಿಕರ ನುಡಿತವೆಷ್ಟೋ ಕೇಳುವವರಿಲ್ಲದೆ ಮಾಯವಾದುದನ್ನು ಬಲ್ಲ ನಮಗೆ ಈ ನಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೆಟ್ನರನ ಮರಣಾನಂತರ ಆನಾ ಹಸ್ತಪ್ರತಿಗಳೊಡನೆ ರಷ್ಯಕ್ಕೆ ಮರಳಿದಳು. 1959ರಿಂದ 1963ರವರೆಗೆ ಅವನ ಕೃತಿಗಳು ಹನ್ನೆರಡು ಸಂಪುಟಗಳಾಗಿ ಮಾಸ್ಕೋದಲ್ಲಿ ಪ್ರಕಟವಾದುವು. ಅಭ್ಯಾಸಕಾಲದಲ್ಲಿ ತನಗಾಗಿ ಬರೆದುಕೊಂಡಿದ್ದ ಟಿಪ್ಪಣಿಗಳೂ 1963ರಲ್ಲಿ ಪುಸ್ತಕವಾದುವು. ಹೀಗೆ ಅವನ ಬರಹವು ಹುಟ್ಟೂರಿಗೆ ಹಿಂತಿರುಗಿತು. ಅವನ ನುಡಿತವಾದರೋ ಮೈಸೂರಿನ ವೆಚ್ಚದ ಆ ತಟ್ಟೆಗಳಲ್ಲಿ ಉಳಿದು, ಈಗ ಹೊಸ ಮುದ್ರಣಗಳಾಗಿ ದೊರೆಯುತ್ತಿದೆ. ಕೇಳುಗರು ಒಂದು ಸಂಜೆ ಬಿಡುವು ಮಾಡಿಕೊಂಡು ಮೂರನೆಯ ಕಾನ್ಸರ್ಟೊವನ್ನು ಕೇಳಲಿ. ಮೊದಲ ಸಲ ಅದು ಹಿಡಿಸದಿದ್ದರೆ ಇನ್ನೊಂದು ಸಲ ಕೇಳಲಿ. ಅಷ್ಟು ತಾಳ್ಮೆಯನ್ನು ಅದು ಬೇಡುತ್ತದೆ. ಬರೆದವನೂ ತನ್ನ ಕೇಳುಗರಿಗಾಗಿ ಬಹುಕಾಲ ಕಾದವನೇ.