ಗೆದ್ದವರ ಕಟ್ಟುಪಾಡು: ಶಿರಾ–ಮಧುಗಿರಿ ಸೀಮೆಯ ಎಂಟು ವರ್ಷಗಳು (1766–1774)

ಕುವೈತನ್ನು ಆಕ್ರಮಿಸಿದ ಇರಾಕಿನ ಮೇಲೆ ವಿಶ್ವಸಂಸ್ಥೆಯು 1990ರ ಆಗಸ್ಟ್ 6ರಂದು ವ್ಯಾಪಾರ ನಿರ್ಬಂಧವನ್ನು ವಿಧಿಸಿತು. 1991ರಲ್ಲಿ ಆ ರಾಜ್ಯವು ಸೋತ ಮೇಲೂ ನಿರ್ಬಂಧವು ತೊಲಗಲಿಲ್ಲ. ಯುದ್ಧಪರಿಹಾರದ ಹೊರೆಯೂ ಅದರೊಡನೆ ಸೇರಿತು. ಅರಬ್ ರಾಜ್ಯಗಳಾದರೋ ಒಂದೇ ಮನಸ್ಸಿನವಾಗಿರಲಿಲ್ಲ. ಈಜಿಪ್ಟ್, ಸಿರಿಯಾಗಳು ಇರಾಕಿನ ಎದುರು ಸೈನ್ಯವನ್ನು ಕಳುಹಿಸಿದರೆ ಜೋರ್ಡಾನ್ ದೂರ ನಿಂತಿತು. 2003ರವರೆಗೆ ಆಳುವವನು ಉಳಿದನು, ಪ್ರಜೆ ಸೊರಗಿದನು. ಈ ವೃತ್ತಾಂತವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳೇ ನಮ್ಮ ನೆನಪಿಗೆ ಬರುತ್ತವೆ. ಸೋತೂ ಮಣಿಯದ ರಾಜ್ಯವನ್ನು ಕಟ್ಟಿಹಾಕುವ ಯತ್ನವು ಹದಿನೆಂಟನೆಯ ಶತಮಾನದಲ್ಲಿ ಇಲ್ಲಿಯೂ ನಡೆದಿತ್ತು.

ಶಿರಾ 1687ರಿಂದ ಮೊಗಲರ ಸುಬೆಯೊಂದರ ರಾಜಧಾನಿ. 1757ರಲ್ಲಿ ಅದು ಮರಾಠರ ಕೈಸೇರಿತು. 1761ರಲ್ಲಿ ನಿಜಾಮನ ಸೋದರನಾದ ಬಸಾಲತ್ ಜಂಗನು ಹೈದರಾಲಿಗೆ ಶಿರಾದ ನವಾಬಗಿರಿಯನ್ನು ದಯಪಾಲಿಸಿದನು. ಇನ್ನೂ ಗೆಲ್ಲಬೇಕಾಗಿದ್ದ ಸೀಮೆಯನ್ನು ಕಾಣಿಕೆ ಪಡೆದು ದಾನಮಾಡಿದ ಈ ಔದಾರ್ಯವು ಅಂದಿನ ದಖ್ಖನಿನ ರಾಜಕಾರಣಕ್ಕೆ ಒಳ್ಳೆಯ ಕನ್ನಡಿ. ಹೈದರನು ಶಿರಾವನ್ನು ಗೆದ್ದುಕೊಂಡನು. ಪೇಷ್ವೆ ಮಾಧವರಾಯನು ಅದನ್ನು ಸಹಿಸಲಿಲ್ಲ.

1766–67ರ ದಂಡಯಾತ್ರೆಯಲ್ಲಿ ಶಿರಾ ಮತ್ತೆ ಮರಾಠರದಾಯಿತು. ಕೋಟೆಯ ಅಧಿಪತಿಯೂ ಹೈದರನ ಹತ್ತಿರದ ಬಂಧುವೂ ಆದ ಮೀರ್ ಆಲಿ ರಜಾಖಾನನೇ ಅದನ್ನು ಒಪ್ಪಿಸಿದನು. ಮಧುಗಿರಿಯ ಗಿರಿದುರ್ಗವೂ ಬಿದ್ದಿತು. ಅಲ್ಲಿ ಸೆರೆಯಲ್ಲಿದ್ದ ಬಿದನೂರಿನ ರಾಣಿ ವೀರಮ್ಮಾಜಿಯೂ ಆಕೆಯ ದತ್ತುಪುತ್ರನೂ ಬಿಡುಗಡೆ ಹೊಂದಿದರು. ಹೈದರನು ಹಣ ತೆತ್ತು ಸಂಧಿ ಮಾಡಿಕೊಂಡನು. ಮರಾಠರಿಗೆ ನೆರವಾಗಲೆಂದು ಇಂಗ್ಲಿಷರೊಡನೆ ಹೊರಟಿದ್ದ ನಿಜಾಮನು ಬರುವ ವೇಳೆಗೆ ಮರಾಠರು ತಮ್ಮ ಪಾಲನ್ನು ಪಡೆದಾಗಿತ್ತು. ಅದೇ ವರ್ಷ ನಿಜಾಮನು ಹೈದರನೊಡನೆ ಸೇರಿ ಇಂಗ್ಲಿಷರ ಮೇಲೆಯೇ ತಿರುಗಿಬಿದ್ದನು. 1768ರ ಫೆಬ್ರವರಿಯಲ್ಲಿ ಪುನಃ ಇಂಗ್ಲಿಷರ ಕಡೆಗೆ ಬಂದನು. ಹೈದರನನ್ನು ಅಡಗಿಸಬೇಕೆಂಬುದರಲ್ಲಿ ಮೂವರೂ ಒಮ್ಮತದವರೇ. ಆದರೆ ಅಡಗಿಸಿದ ಫಲವು ಮತ್ತೊಬ್ಬನಿಗೆ ಸಲ್ಲಬಾರದೆಂಬ ಆಸಕ್ತಿ ಅದಕ್ಕಿಂತ ಬಲವಾಗಿದ್ದಿತು.

1771ರ ಮಾರ್ಚ್‌ನಲ್ಲಿ ಚಿನಕುರಳಿಯ ಬಳಿ ಹೈದರನಿಗೆ ಭಾರಿ ಸೋಲಾಯಿತು. 1769ರ ಮದರಾಸು ಒಪ್ಪಂದದಲ್ಲಿ ನೆರವಿನ ಮಾತು ಕೊಟ್ಟಿದ್ದ ಇಂಗ್ಲಿಷರು ಕದಲಲಿಲ್ಲ. 1772ರ ಸಂಧಿಯಲ್ಲಿ ಹಣವೂ ಹೋಯಿತು, ಶಿರಾ ಮಧುಗಿರಿಗಳು ಮರಾಠರಲ್ಲಿಯೇ ಉಳಿದುವು. ಈ ಕಟ್ಟುಪಾಡು ಬಾಳಿದ್ದು ಎರಡೇ ವರ್ಷ. 1772ರ ನವೆಂಬರಿನಲ್ಲಿ ಮಾಧವರಾಯನು ತೀರಿಕೊಂಡನು; 1773ರ ಆಗಸ್ಟ್‌ನಲ್ಲಿ ಅವನ ತಮ್ಮ ನಾರಾಯಣರಾಯನ ಕೊಲೆಯಾಯಿತು. ಪುಣೆಯ ಮನೆ ಒಡೆದುದೇ ತಡ, 1774ರಲ್ಲಿ ಟಿಪ್ಪುವು ಶಿರಾವನ್ನೂ ಮಧುಗಿರಿಯನ್ನೂ ಮರಳಿ ಹಿಡಿದನು. ಹೈದರನ ಪರಾಕ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಗೆಲವು ಅರ್ಧಕ್ಕರ್ಧ ಪುಣೆಯಲ್ಲಿಯೇ ಸಿದ್ಧವಾಗಿತ್ತೆಂದು ನಮ್ಮ ಅಭಿಪ್ರಾಯ.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಇದೇ ಮೂವರು ಹೆಚ್ಚು ಎಚ್ಚರ ವಹಿಸಿದರು: ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಟಿಪ್ಪುವಿನ ಇಬ್ಬರು ಮಕ್ಕಳು. ಆ ಹಣದ ದೊಡ್ಡ ಪಾಲನ್ನು ಸೈನಿಕರಿಂದಲೂ ಅಧಿಕಾರಿಗಳಿಂದಲೂ ಪ್ರಜೆಗಳಿಂದಲೂ ನಜರಾಣೆಯೆಂದು ಎತ್ತಲಾಯಿತು. ಮಕ್ಕಳು 1794ರಲ್ಲಿ ಹಿಂದಿರುಗಿದರು; 1795ರಲ್ಲಿ ಮರಾಠರೂ ನಿಜಾಮನೂ ಖರ್ಡಾದಲ್ಲಿ ತಮ್ಮತಮ್ಮೊಳಗೇ ಕಾದಿದರು.

ಇರಾಕಿನೊಡನೆ ಈ ಸಾಮ್ಯವನ್ನು ಬಹಳ ದೂರ ಎಳೆಯುವುದು ಸಲ್ಲದು. ಅಲ್ಲಿ ತಡೆದದ್ದು ಸರಕನ್ನು, ಇಲ್ಲಿ ಕಿತ್ತುಕೊಂಡದ್ದು ನೆಲವನ್ನು. ಮಧುಗಿರಿಗೆ ದಕ್ಷಿಣದ ಕೊರಟಗೆರೆ, ಉತ್ತರದ ಪಾವಗಡ ಎರಡೂ ಹಳೆಯ ಪಾಳೆಯಗಾರರ ನೆಲೆಗಳು. ಮಳೆ ಕಡಮೆಯಾದ, ಕೆರೆಗಳನ್ನೇ ನಂಬಿದ ಸೀಮೆ. ದಂಡು ಬಂದಾಗ ಇಲ್ಲಿಯ ಒಕ್ಕಲಿಗೆ ಮರಾಠರ ಕುದುರೆಯಾದರೇನು, ಮೈಸೂರಿನ ಕುದುರೆಯಾದರೇನು, ಮೇಯುವುದು ಅವನ ಹೊಲವನ್ನೇ.

ಮರಳಿ ಪಡೆದ ಶಿರಾದ ಗತಿಯನ್ನೂ ಹೇಳಬೇಕು. ದಿಲಾವರ್ ಖಾನನ ಕಾಲದಲ್ಲಿ ಅಲ್ಲಿ 50,000 ಮನೆಗಳಿದ್ದುವೆಂದು ಗೆಜೆಟಿಯರುಗಳು ಹೇಳುತ್ತವೆ. ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಮನ್ನು ತುಂಬಲು ಟಿಪ್ಪುವು ಆ ಊರಿನಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಒಯ್ದನೆಂದೂ ಅವೇ ತಿಳಿಸುತ್ತವೆ.