ಸೊನ್ನೆಯೂ ಅಡಿಕೆಯೂ ಒಂದೇ ಎಂದಿದ್ದ ಭಾಷೆ

ಹಳೇ ಲೆಕ್ಕ, ಹೊಸ ಕಥೆ | ಭಾಗ 7

ಬಂಟ್ವಾಳದಲ್ಲಿ ಮಾವನ ಅಡಿಕೆ ವ್ಯಾಪಾರದ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಹೋದ ತಿಂಗಳು ಬಾಕಿಯ ಕಾಲಂನಲ್ಲಿ ಮಾವ "18000 ನಾಳೆ ಕೊಡ್ತಾರಂತೆ" ಅಂತ ಬರೆದಿದ್ದರು. ನಾನೂ ಹಾಗೇ ಟೈಪ್ ಮಾಡಿದೆ. ಶೀಟ್ ಅದನ್ನು ಅಕ್ಷರ ಅಂದುಕೊಂಡು, ಒಂದು ಮಾತೂ ಹೇಳದೆ ಉಳಿದದ್ದನ್ನು ಮಾತ್ರ ಕೂಡಿಸಿತು. ಹದಿನೆಂಟು ಸಾವಿರ ಮಾಯ! ಬೈಸಿಕೊಂಡದ್ದು ನಾನು.

ಅಂಕಿಯ ಜಾಗದಲ್ಲಿ ಅಂಕಿಯೇ ಇರಬೇಕು. ಪ್ರೋಗ್ರಾಮಿಂಗಲ್ಲಿ ಇದಕ್ಕೆ 'ಟೈಪ್' ಅಂತಾರೆ. ಈ ಶಿಸ್ತು ಇಲ್ಲದೆ ಹುಟ್ಟಿ, ಆಮೇಲೆ ಸ್ವಲ್ಪ ಸ್ವಲ್ಪವೇ ಕಲಿಯುತ್ತಾ ಬಂದ ಭಾಷೆ ಒಂದು ಉಂಟು: ಪಿಎಚ್‌ಪಿ.

ನಮಗೂ ಅದಕ್ಕೂ ಎಂಥ ಸಂಬಂಧ ಅಂತೀರಾ? ಪ್ರಾಜೆಕ್ಟ್ ಬಂತೆಂದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಬೆಳ್ತಂಗಡಿಯ ಗಡಾಯಿಕಲ್ಲು ಅಂತ ನಾವು ಹುಡುಕುವುದು ವಿಕಿಪೀಡಿಯದಲ್ಲಿ. ಅದು ನಡೆಯುವುದು ಮೀಡಿಯಾವಿಕಿ ಎಂಬ ಸಾಫ್ಟ್‌ವೇರ್ ಮೇಲೆ, ಅದನ್ನು ಬರೆದದ್ದು ಪಿಎಚ್‌ಪಿಯಲ್ಲಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ, 2016ರ ಆಗಸ್ಟಿನಲ್ಲಿ ಬಂದ ನಮ್ಮ ತುಳು ವಿಕಿಪೀಡಿಯ, ಎರಡೂ ಅದರ ಮೇಲೆಯೇ.

1994ರಲ್ಲಿ ರಾಸ್ಮಸ್ ಲೆರ್ಡಾರ್ಫ್ ತನ್ನ ವೆಬ್ ಪುಟಕ್ಕೆಂದು ಮಾಡಿಕೊಂಡ ಚಿಕ್ಕ ಚಿಕ್ಕ ಸಲಕರಣೆಗಳು ಇದರ ಮೂಲ. ಭಾಷೆ ಕಟ್ಟುತ್ತೇನೆಂದು ಹೊರಟವರಲ್ಲ. ಹಾಗಾಗಿ ಎಲ್ಲಿ ಏನು ಕೊಟ್ಟರೂ ನಡೆಯುತ್ತಿತ್ತು. "0 ಮತ್ತು 'ಅಡಿಕೆ' ಸಮವಾ?" ಅಂತ ಕೇಳಿದರೆ, ಅಕ್ಷರವನ್ನು ಸೊನ್ನೆ ಮಾಡಿಕೊಂಡು "ಹೌದು" ಅನ್ನುತ್ತಿತ್ತು ಮಾರಾಯ್ರೆ!

ರಿಪೇರಿ ನಿಧಾನಕ್ಕೆ ಆಯಿತು. 2004ರ 5.0ರಲ್ಲಿ ಫಂಕ್ಷನ್‌ಗೆ ಯಾವ ಕ್ಲಾಸಿನ ವಸ್ತು ಬೇಕೆಂದು ಬರೆಯುವ ಅವಕಾಶ ಬಂತು. ಅಂಕಿ, ಅಕ್ಷರಗಳ ಸರದಿಗೆ ದೊಡ್ಡ ಚರ್ಚೆಯೇ ನಡೆಯಿತು: ಕಟ್ಟುನಿಟ್ಟು ಬೇಕಾ, ಸಡಿಲ ಸಾಕಾ? ಸಲಹೆ ತಂದ ಆಂಡ್ರಿಯಾ ಫಾಲ್ಡ್ಸ್ 2015ರ ಫೆಬ್ರವರಿಯಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಆಂಥೋನಿ ಫೆರಾರಾ ಮತ್ತೆ ಕೈಗೆತ್ತಿಕೊಂಡರು. ಮಾರ್ಚಿನಲ್ಲಿ ಮತ ಹಾಕಿ ಒಪ್ಪಿದರು. ಕಟ್ಟುನಿಟ್ಟು ಬೇಕಾದವರು ತಮ್ಮ ಫೈಲಿನ ಮೇಲೆ ಒಂದು ಸಾಲು ಬರೆದರಾಯಿತು, ಬೇಡದವರು ಬಿಡಬಹುದು. ಡಿಸೆಂಬರಿನಲ್ಲಿ 7.0 ಬಂತು.

2019ರ 7.4ರಲ್ಲಿ ಕ್ಲಾಸಿನ ಒಳಗಿನ ಪ್ರಾಪರ್ಟಿಗಳಿಗೂ ಟೈಪ್. 2020ರ 8.0ರಲ್ಲಿ "ಅಂಕಿ ಅಥವಾ ಅಕ್ಷರ" ಅಂತ ಎರಡನ್ನೂ ಒಪ್ಪುವ ಟೈಪ್. ಅದೇ ವರ್ಷ ಸೊನ್ನೆ ಮತ್ತು ಅಡಿಕೆ ಕೊನೆಗೂ ಬೇರೆ ಬೇರೆಯಾದವು. ಹಳೇ ಉತ್ತರವನ್ನೇ ನಂಬಿಕೊಂಡಿದ್ದವರು ತಮ್ಮ ಕೋಡನ್ನು ಮತ್ತೆ ನೋಡಬೇಕಾಯಿತು, ಅದು ಇದರ ಖರ್ಚು. ಆದರೆ ಟೈಪ್ ಬರೆಯದ ಸಾಲುಗಳು ಇವತ್ತಿಗೂ ನಡೆಯುತ್ತವೆ. ಬೇಕಾದ ಕಡೆ ಟೈಪ್ ಸೇರಿಸು, ಉಳಿದದ್ದು ಹಾಗೇ ಇರಲಿ ಎನ್ನುವ ಈ ದಾರಿಗೆ 2006ರಲ್ಲಿ ಜೆರೆಮಿ ಸೀಕ್, ವಾಲಿದ್ ತಾಹಾ ಕೊಟ್ಟ ಹೆಸರು 'ಗ್ರ್ಯಾಜುಯಲ್ ಟೈಪಿಂಗ್'.

ಈ ಭಾಷೆಯನ್ನು ನೋಡಿ ನಕ್ಕವರು ತುಂಬ ಜನ. ನಗುತ್ತಾ ಕೂರದೆ ವರ್ಷಕ್ಕೊಂದು ಆವೃತ್ತಿ ತಂದು ಸರಿ ಮಾಡಿದವರಿಂದ ಅದು ಉಳಿಯಿತು.

ನಾನೂ ಮಾವನ ಪುಸ್ತಕ ಬದಲಿಸಲಿಲ್ಲ. ಪಕ್ಕದಲ್ಲಿ ಗೆರೆ ಎಳೆದು 'ಷರಾ' ಅಂತ ಒಂದು ಕಾಲಂ ಮಾಡಿದೆ. ಮಾತೆಲ್ಲ ಅಲ್ಲಿ, ಬಾಕಿಯಲ್ಲಿ ಅಂಕಿ ಮಾತ್ರ. ಮಾವ ನೋಡಿ, "ಇಷ್ಟೇಯಾ? ಮೊದಲೇ ಹೇಳಬಾರದಿತ್ತಾ?" ಅಂದರು.

ನಿಮ್ಮ ಮನೆಯ ಲೆಕ್ಕಪುಸ್ತಕದಲ್ಲೂ ಇಂಥ ಸಾಲು ಉಂಟಾ? ಕಮೆಂಟಲ್ಲಿ ಹೇಳಿ.